ಲಾಂಡ್ರಿ ಅಕ್ಕನ ಬೇಸ್‌ಲೈನ್

ಇಸ್ತ್ರಿ ಭಾವ ಕಾಲರ್ ಮುಗಿಸಿ ತೋಳಿಗೆ ಬಂದಿದ್ದ. ಮಗಳು ಮೆಟ್ಟಿಲಿಳಿದು ಬಂದು, ಗಾಡಿ ಬಂದು ನಿಂತಿದೆ, ಎಲ್ಲರೂ ಕಾಯುತ್ತಿದ್ದಾರೆ ಎಂದಳು. ಅವನು ಶರ್ಟನ್ನು ಮಗುಚಿ ಹಾಕಿ ಇನ್ನೊಂದು ತೋಳಿನ ಮೇಲೆ ನೀರು ಚಿಮುಕಿಸಿದ.

“ಅಪ್ಪಾ, ಸಾಕು.”

“ಇದು ಮೇಲೆ ಕೂತಿರೋ ನಿನ್ನ ಚಿಕ್ಕಪ್ಪಂದು. ಬನಿಯನ್‌ನಲ್ಲೇ ಕರ್ಕೊಂಡು ಹೋಗೋಕಾಗುತ್ತಾ?”

ಬೆಳಗಿನಿಂದ ಅವನು ಮಾಡಿದ್ದು ಅದೊಂದೇ ಕೆಲಸ. ದೂರದಿಂದ ಬಂದವರ ಬಟ್ಟೆಗಳು ಬ್ಯಾಗಿನಲ್ಲಿ ಮುದುಡಿಕೊಂಡಿದ್ದವು. ಯಾರು ಬಂದು ಕೈ ಹಿಡಿದುಕೊಂಡು ಸಮಾಧಾನ ಹೇಳಿದರೂ ಅವನ ಕಣ್ಣು ಅವರ ತೋಳಿನ ಸುಕ್ಕಿನ ಮೇಲೆ ಹೋಗುತ್ತಿತ್ತು. ಬಿಚ್ಚಿ ಕೊಡಿ, ಎರಡು ನಿಮಿಷದ ಕೆಲಸ ಎನ್ನುತ್ತಿದ್ದ. ಹೆಂಡತಿಯನ್ನು ಕಳೆದುಕೊಂಡವನು ಕೈ ಚಾಚಿ ಶರ್ಟು ಕೇಳಿದರೆ ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಮೇಲಿನ ಮನೆಯಲ್ಲಿ ಒಬ್ಬೊಬ್ಬರೇ ಬನಿಯನ್‌ನಲ್ಲಿ ಕೂತು, ಟೀ ಕುಡಿದು, ಗರಿಗರಿಯಾಗಿ ಎದ್ದು ಹೋಗುತ್ತಿದ್ದರು.

ಇಸ್ತ್ರಿ ಭಾವ ಎಂದು ಅವನನ್ನು ಮೊದಲು ಕರೆದದ್ದು ಹೆಂಡತಿಯ ತಮ್ಮ. ಆಮೇಲೆ ಇಡೀ ಬೀದಿಗೆ, ಅವನಿಗಿಂತ ಹಿರಿಯರಿಗೂ, ಅವನು ಭಾವನೇ ಆಗಿಹೋದ. ಹೆಂಡತಿ ಲಾಂಡ್ರಿ ಅಕ್ಕ. ಕೆಳಗೆ ಅಂಗಡಿ, ಮೇಲೆ ಮನೆ. ಅವಳು ಒಗೆಯುತ್ತಿದ್ದಳು, ಅವನು ಇಸ್ತ್ರಿ ಹಾಕುತ್ತಿದ್ದ. ಒಗೆಯುವ ಯಂತ್ರಗಳ ಕೋಣೆಯ ಹಿಂದೆ ಇನ್ನೊಂದು ಸಣ್ಣ ಕೋಣೆ ಇತ್ತು. ಅದರಲ್ಲಿ ಒಂದು ಕಂಪ್ಯೂಟರ್, ಎದೆಯೆತ್ತರದ ಎರಡು ಸ್ಪೀಕರ್, ಗೋಡೆಗೆಲ್ಲ ಹಳೆಯ ಕಂಬಳಿ. ಲಾಂಡ್ರಿ ಅಕ್ಕ ಅಲ್ಲಿ ಕೂತು ಬೇಸ್‌ಲೈನ್ ಮಾಡುತ್ತಿದ್ದಳು.

ಹಾಗಂದರೇನು ಎಂದು ಕೇಳಿದವರಿಗೆ ಅವಳು ಹೇಳುತ್ತಿದ್ದುದು ಇಷ್ಟೇ. ಬಯಲಲ್ಲಿ ಜನ ಬೆಳಗಾಗುವವರೆಗೆ ಕುಣಿಯುತ್ತಾರಲ್ಲ, ಸೈಕೆಡೆಲಿಕ್ ಟ್ರಾನ್ಸ್ ಅಂತ, ಅದರಲ್ಲಿ ಡೋಲಿನ ಒಂದು ಪೆಟ್ಟು ಬೀಳುತ್ತದೆ. ಮುಂದಿನ ಪೆಟ್ಟು ಬೀಳುವಷ್ಟರಲ್ಲಿ ಮೂರು ಸಲ ಒಂದು ತಗ್ಗಿನ ಸ್ವರ ಬರಬೇಕು. ಆ ಮೂರು ನನ್ನವು. ಕೇಳಿದವರು ಅಷ್ಟೇನಾ ಎಂದರೆ, ಅಷ್ಟೇ ಎಂದು ನಗುತ್ತಿದ್ದಳು. ಆ ಅಷ್ಟಕ್ಕೇ ಅವಳಿಗೆ ಒಮ್ಮೊಮ್ಮೆ ಇಡೀ ಮಳೆಗಾಲ ಹಿಡಿಯುತ್ತಿತ್ತು.

ಹೋದ ವರ್ಷದ ಕೊನೆಗೆ ಕಾಯಿಲೆ ಬಿದ್ದಳು. ಶ್ವಾಸಕೋಶದ ತೊಂದರೆ. ಆಸ್ಪತ್ರೆಗೆ ಹೋಗಿ ಬಂದು, ಮತ್ತೆ ಹೋಗಿ, ಕೊನೆಗೆ ಮೊನ್ನೆ ಅಲ್ಲಿಯೇ ಉಳಿದುಕೊಂಡಳು. ಈಗ ಅಲ್ಲಿಂದ ನೇರವಾಗಿ ಚಿತಾಗಾರದ ಹಾಲ್‌ಗೆ ಬರುವವಳಿದ್ದಳು.

ಗಾಡಿಯಲ್ಲಿ ಭಾವನ ಪಕ್ಕ ಅವನ ಸ್ವಂತ ಅಕ್ಕ ಟೀಚರಮ್ಮ ಕೂತಿದ್ದರು. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದರೂ ಅವರ ದನಿ ನಿವೃತ್ತವಾಗಿರಲಿಲ್ಲ. ಹಾಲ್‌ನಲ್ಲಿ ಅಮ್ಮನ ಒಂದು ಹಾಡು ಹಾಕಿಸುತ್ತೇನೆ ಎಂದು ಸೊಸೆ, ಅಂದರೆ ಭಾವನ ಮಗಳು, ಹೇಳಿದ್ದು ಅವರಿಗೆ ಸರಿ ಕಂಡಿರಲಿಲ್ಲ.

“ಸತ್ತವರ ಮುಂದೆ ಡಬ್ ಡಬ್ ಅನ್ನಿಸ್ತೀಯಾ?”

“ಅಮ್ಮ ಮಾಡಿದ್ದು ಅದೇ ತಾನೇ ಅತ್ತೆ.”

“ಇಷ್ಟು ವರ್ಷ ಬಟ್ಟೆ ಒಗೆದದ್ದು ಲೆಕ್ಕಕ್ಕಿಲ್ವಾ?”

“ಅದನ್ನ ಹಾಲ್‌ನಲ್ಲಿ ಹ್ಯಾಗೆ ಹಾಕ್ಲಿ?”

ಮುಂದಿನ ಸೀಟಿನಲ್ಲಿದ್ದ ಚಿಕ್ಕಪ್ಪ ನಗು ತಡೆಯಲು ಕಿಟಕಿಯ ಕಡೆ ತಿರುಗಿದ. ಸ್ವಲ್ಪ ದೂರ ಹೋದ ಮೇಲೆ ಟೀಚರಮ್ಮ, ಭಾವನಿಗೆ ಮಾತ್ರ ಕೇಳುವಂತೆ, ಅವನು ಬರ್ತಾನಂತಾ ಎಂದು ಕೇಳಿದರು. ಭಾವ ಗೊತ್ತಿಲ್ಲ ಎಂದ. ಅವನು ಎಂದರೆ ಲಾಂಡ್ರಿ ಅಕ್ಕನ ತಮ್ಮ. ಮೂರು ವರ್ಷದಿಂದ ಅವನು ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ.

*

ಬೇಸ್‌ಲೈನಿನ ಕೆಲಸ ಶುರುವಾದದ್ದು ಆ ತಮ್ಮನಿಂದಲೇ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಅವನು ಅಕ್ಕನ ಮನೆಯಲ್ಲೇ ಬೆಳೆದವನು. ಕಾಲೇಜು ಬಿಟ್ಟ ವರ್ಷ, ಯಾರದೋ ಹಳೆಯ ಕಂಪ್ಯೂಟರ್ ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟುಕೊಂಡು ಸಂಗೀತ ಮಾಡತೊಡಗಿದ. ಬೆರಳು ಚುರುಕು. ರಾಗಗಳು ಒಂದರ ಮೇಲೊಂದು ಮಿಂಚುತ್ತ ಬರುತ್ತಿದ್ದವು. ಆದರೆ ಕೇಳಿದ ಸ್ನೇಹಿತರು ಚೆನ್ನಾಗಿದೆ ಎಂದು ಹೇಳಿ ಕೂತೇ ಇರುತ್ತಿದ್ದರು. ಯಾರ ಕಾಲೂ ಏಳುತ್ತಿರಲಿಲ್ಲ.

ಲಾಂಡ್ರಿ ಅಕ್ಕ ಪಕ್ಕದ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಅವಳಿಗೆ ಸಂಗೀತ ಯಾರೂ ಕಲಿಸಿರಲಿಲ್ಲ. ಆದರೆ ದಿನವಿಡೀ ನಾಲ್ಕು ಯಂತ್ರಗಳ ನಡುವೆ ಇದ್ದವಳಿಗೆ, ಮೇಲೆ ಅಡುಗೆಮನೆಯಲ್ಲಿ ನಿಂತೇ, ಕೆಳಗೆ ಯಾವ ಯಂತ್ರದಲ್ಲಿ ಬಟ್ಟೆ ಒಂದು ಕಡೆ ಸೇರಿಕೊಂಡಿದೆ ಎಂದು ಕಾಲಿನಲ್ಲಿ ತಿಳಿಯುತ್ತಿತ್ತು. ಒಂದು ದಿನ ಕೈಯಲ್ಲಿ ಮಡಿಸಿದ ಬಟ್ಟೆಯ ಅಟ್ಟಿ ಹಿಡಿದುಕೊಂಡೇ ಒಳಗೆ ಬಂದು, ನಿನ್ನ ಹಾಡು ನೆಲಕ್ಕೆ ತಾಗೋದೇ ಇಲ್ಲವಲ್ಲೋ ಎಂದಳು.

ತಮ್ಮ ಅವಳನ್ನು ಕೂರಿಸಿ, ಡೋಲು ಎಲ್ಲಿ, ತಗ್ಗಿನ ಸ್ವರ ಎಲ್ಲಿ ಎಂದು ತೋರಿಸಿದ. ಒಂದೊಂದು ಸ್ವರವೂ ಪರದೆಯ ಮೇಲೆ ಇಟ್ಟಿಗೆಯ ಹಾಗೆ ಕಾಣುತ್ತಿತ್ತು. ಇಟ್ಟಿಗೆಯನ್ನು ಎಳೆದರೆ ಸ್ವರ ಉದ್ದ, ಒತ್ತಿದರೆ ಗಿಡ್ಡ. ಅವಳು ಒಂದೊಂದನ್ನೂ ಕೂದಲೆಳೆಯಷ್ಟು ಗಿಡ್ಡ ಮಾಡಿದಳು. ಡೋಲಿನ ಪೆಟ್ಟು ಬೀಳುವ ಹೊತ್ತಿಗೆ ಬೇಸ್ ಬಾಯಿ ಮುಚ್ಚಿರಬೇಕು, ಪೆಟ್ಟು ಮುಗಿದ ಕೂಡಲೆ ಬಾಯಿ ತೆರೆಯಬೇಕು. ಅಷ್ಟು ಆದದ್ದೇ ತಡ, ಕೋಣೆಯಲ್ಲಿ ಏನೋ ಉರುಳತೊಡಗಿತು. ಬಾಗಿಲಲ್ಲಿ ನಿಂತಿದ್ದ ಇಸ್ತ್ರಿ ಭಾವ ತನ್ನ ಹಿಮ್ಮಡಿ ತಾನೇ ಏಳುತ್ತಿರುವುದನ್ನು ನೋಡಿ ನಾಚಿಕೊಂಡು ಒಳಗೆ ಹೋದ.

ಅಲ್ಲಿಂದ ವಾರದ ರಜೆಯ ದಿನ ಅಕ್ಕ ತಮ್ಮ ಆ ಕೋಣೆ ಸೇರುವುದು ವಾಡಿಕೆಯಾಯಿತು. ತಮ್ಮನಿಗೆ ಹೆಸರು ಬಂತು. ಊರೂರು ಸುತ್ತಿ ಸಾವಿರಾರು ಜನರ ಮುಂದೆ ನುಡಿಸಿದ. ಅವಳು ನೋಡಲು ಹೋದದ್ದು ಒಂದೇ ಸಲ, ಗಂಡನನ್ನು ಕರೆದುಕೊಂಡು, ಸೂರ್ಯ ಹುಟ್ಟುವ ಹೊತ್ತಿಗೆ. ದೊಡ್ಡ ಬಯಲು, ಹುಲ್ಲೆಲ್ಲ ತುಳಿದು ಮಣ್ಣಾಗಿತ್ತು. ಎಲ್ಲರೂ ವೇದಿಕೆಯ ಮೇಲಿದ್ದ ತಮ್ಮನನ್ನು ನೋಡುತ್ತಿದ್ದರೆ ಅವಳು ಜನರ ಕಾಲುಗಳನ್ನೇ ನೋಡುತ್ತ ನಿಂತಳು. ಬೂಟು, ಚಪ್ಪಲಿ, ಬರಿಗಾಲು, ಎಲ್ಲವೂ ಒಟ್ಟಿಗೇ ನೆಲ ಬಿಟ್ಟು ಒಟ್ಟಿಗೇ ನೆಲ ಸೇರುತ್ತಿದ್ದವು. ಸಾಕು, ಹೋಗೋಣ ನಡೀರಿ, ಅಂಗಡಿ ತೆಗೀಬೇಕು ಎಂದಳು. ಅವಳು ಅಷ್ಟು ಸಂತೋಷವಾಗಿದ್ದುದನ್ನು ಭಾವ ಅದಕ್ಕೆ ಮುಂಚೆ ಒಂದೇ ಸಲ ನೋಡಿದ್ದ, ಮಗಳು ಹುಟ್ಟಿದ ದಿನ.

*

ಚಿತಾಗಾರದ ಹಾಲ್ ಶಾಲೆಯ ತರಗತಿಯಷ್ಟೇ ಇತ್ತು. ಬಿಳಿ ಗೋಡೆ, ಪ್ಲಾಸ್ಟಿಕ್ ಕುರ್ಚಿಗಳು. ಎದುರಿಗೆ, ಎತ್ತರದ ಮೇಜಿನ ಮೇಲೆ, ಪೆಟ್ಟಿಗೆಯಲ್ಲಿ ಲಾಂಡ್ರಿ ಅಕ್ಕ. ಬೀದಿಯ ದರ್ಜಿ ಬಂದಿದ್ದ, ಹಲ್ಲಿನ ಡಾಕ್ಟರು ಬಂದಿದ್ದರು, ವಸತಿಗೃಹದಿಂದ ಹಾಸಿಗೆ ಬಟ್ಟೆ ತರುತ್ತಿದ್ದ ಹೆಂಗಸರು ಬಂದಿದ್ದರು. ಕೂದಲಿಗೆ ಹಸಿರು ಬಣ್ಣ ಹಚ್ಚಿದ ಒಬ್ಬಳು ಎಲ್ಲಿ ಕೂರಲಿ ಎಂದು ನೋಡುತ್ತಿದ್ದಾಗ ಟೀಚರಮ್ಮ ಪಕ್ಕದ ಕುರ್ಚಿಯಿಂದ ತಮ್ಮ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಒಬ್ಬಿಬ್ಬರು ಮಾತಾಡಿದರು. ದರ್ಜಿ, ಅಕ್ಕ ಒಂದು ದಿನವೂ ಗುಂಡಿ ಕಳೆದವಳಲ್ಲ ಎಂದ. ಅಷ್ಟು ಹೇಳಿ ಕೂತುಬಿಟ್ಟ. ಆಮೇಲೆ ಮಗಳು ಎದ್ದು, ಅಮ್ಮ ಮತ್ತು ಮಾವ ಸೇರಿ ಮಾಡಿದ ಮೊದಲ ಹಾಡು ಇದು ಎಂದು ಹೇಳಿ, ಹಾಲ್‌ನ ಸಿಬ್ಬಂದಿಯವನಿಗೆ ಸನ್ನೆ ಮಾಡಿದಳು. ಅದೇ ಹೊತ್ತಿಗೆ ಹಿಂದಿನ ಬಾಗಿಲು ತೆರೆಯಿತು. ತಮ್ಮ ಒಳಗೆ ಬಂದು ಗೋಡೆಗೊರಗಿ ನಿಂತ. ಎಲ್ಲೋ ದೂರದಿಂದ ಬೆಳಗಿನಿಂದ ಗಾಡಿ ಓಡಿಸಿಕೊಂಡು ಬಂದವನ ಹಾಗಿದ್ದ. ಕೋಟು ಬೆನ್ನಮೇಲೆಲ್ಲ ಮುದ್ದೆಯಾಗಿತ್ತು.

ಗೋಡೆಯ ಮೂಲೆಗಳಲ್ಲಿ ಎರಡು ಪುಟ್ಟ ಸ್ಪೀಕರುಗಳಿದ್ದವು. ಅವುಗಳಿಂದ ಮೊದಲು ಟಿಕ್ ಟಿಕ್ ಎಂಬ ಸದ್ದು ಬಂತು. ಅದು ಡೋಲಿನ ಪೆಟ್ಟಿನ ತುದಿ ಮಾತ್ರ, ಅದಕ್ಕೆ ಹೊಟ್ಟೆಯೇ ಇರಲಿಲ್ಲ. ಮೂರು ತಗ್ಗಿನ ಸ್ವರ ಇರಬೇಕಾದಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ರಾಗ ಶುರುವಾಯಿತು. ತೆಳ್ಳಗೆ, ಚುರುಕಾಗಿ, ಒಂದೇ ಒಂದು ರಾಗ ಆ ಬಿಳಿ ಕೋಣೆಯ ತುಂಬ ಓಡಾಡಿತು. ಮಗಳು ಕಂಗಾಲಾಗಿ ಸಿಬ್ಬಂದಿಯವನನ್ನು ನೋಡಿದಳು. ಅವನು ಸದ್ದು ಏರಿಸಿದ. ರಾಗ ಇನ್ನಷ್ಟು ಕಿರುಚಿತು. ಇದು ಹೆಸರು ಕೂಗೋಕೆ ಅಂತ ಹಾಕಿರೋ ಸ್ಪೀಕರ್ ಅಮ್ಮಾ, ಇಷ್ಟೇ ಬರೋದು ಎಂದು ಅವನು ಮೆಲ್ಲಗೆ ಹೇಳಿದ.

ಕೂತವರಿಗೆ ಏನು ತಪ್ಪಿದೆ ಎಂದು ತಿಳಿಯಲಿಲ್ಲ. ಕೆಲವರು ತಲೆದೂಗುತ್ತಲೂ ಇದ್ದರು. ತಮ್ಮ ಮಾತ್ರ ಗೋಡೆ ಬಿಟ್ಟು, ಕುರ್ಚಿಗಳ ನಡುವಿನಿಂದ ಬೇಗ ಬೇಗ ಮುಂದೆ ಬಂದ. ಬಂದವನೇ ಹಾಡು ನಿಲ್ಲಿಸಿದ.

“ಇದರಲ್ಲಿ ಅಕ್ಕ ಇಲ್ಲ,” ಎಂದ. “ಇದರಲ್ಲಿ ಇರೋದು ನಾನೊಬ್ಬನೇ.”

ಭಾವ ಪಕ್ಕದ ಕುರ್ಚಿಯ ಮೇಲೆ ಕೈ ಬಡಿದು ತೋರಿಸಿದ. ಅವನು ಬಂದು ಕೂತ. ಆಮೇಲೆ ಎದುರಿನ ಬಾಗಿಲು ತೆರೆದು, ಲಾಂಡ್ರಿ ಅಕ್ಕ ಒಳಗೆ ಹೋದಳು.

*

ಮೂರು ವರ್ಷದ ಹಿಂದೆ ಆದ ಜಗಳದಲ್ಲಿ ಯಾರೂ ದನಿ ಏರಿಸಿರಲಿಲ್ಲ. ದೊಡ್ಡದೊಂದು ಕಾರ್ಯಕ್ರಮಕ್ಕೆಂದು ತಮ್ಮ ಹೊಸ ಹಾಡು ಕಟ್ಟಿದ್ದ. ಅದರ ನಡುವೆ ಉದ್ದನೆಯ ರಾಗವೊಂದಿತ್ತು. ತಾನು ಈವರೆಗೆ ಮಾಡಿದ್ದರಲ್ಲೆಲ್ಲ ಅದೇ ಚೆಂದ ಎಂದು ಅವನಿಗೆ ಅನ್ನಿಸಿತ್ತು. ಅಕ್ಕ ಮತ್ತೆ ಮತ್ತೆ ಕೇಳಿದಳು.

“ರಾಗ ಚೆನ್ನಾಗಿದೆ ಕಣೋ. ಆದ್ರೆ ಇಲ್ಲಿ ಬೇಡ. ಜನಕ್ಕೆ ಕಾಲಿಡೋಕೆ ಜಾಗ ಇಲ್ಲ.”

ಅವನು ಒಪ್ಪಲಿಲ್ಲ. ಅವಳೂ ಬಿಡಲಿಲ್ಲ. ಕೊನೆಗೆ ಅವನು, ಪರದೆಯನ್ನೇ ನೋಡುತ್ತ, “ಒಂದೇ ಸ್ವರ ಮೂರು ಸಲ ಹಾಕೋಕೆ ಯಾರು ಬೇಕಾದ್ರೂ ಸಿಗ್ತಾರೆ ಅಕ್ಕಾ,” ಎಂದ.

ಅವಳು ಹೆಡ್‌ಫೋನ್ ತೆಗೆದು, ಅದರ ತಂತಿಯನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟಳು. ಸಿಕ್ಕರೆ ಹಾಕಿಸ್ಕೋ ಎಂದು ಹೇಳಿ ಬಟ್ಟೆ ಮಡಿಸಲು ಹೋದಳು.

ಸಿಕ್ಕರು, ನಿಜ. ಅವನು ಬೇರೆಯವರಿಂದ ಬೇಸ್ ಮಾಡಿಸಿಕೊಂಡ, ತಾನೂ ಮಾಡಿದ. ಜನ ಕುಣಿದರು. ಆದರೆ ನಡುನಡುವೆ ನೀರು ಕುಡಿಯಲು ಹೋಗತೊಡಗಿದರು. ಮೊದಲು ಹೋಗುತ್ತಿರಲಿಲ್ಲ. ವೇದಿಕೆಯ ಮೇಲಿದ್ದವನಿಗೆ ಅದು ಕಾಣುತ್ತಿತ್ತು.

ಇತ್ತ ಲಾಂಡ್ರಿ ಅಕ್ಕ ಕೆಲಸ ನಿಲ್ಲಿಸಲಿಲ್ಲ. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ತಮ್ಮ ಹಾಡು ಕಳಿಸಿ ಬೇಸ್ ಹಾಕಿಕೊಡಿ ಎನ್ನುತ್ತಿದ್ದರು. ಹಾಕಿ ಕಳಿಸುತ್ತಿದ್ದಳು. ತಮ್ಮ ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಭಾವ ಕೂರುತ್ತಿದ್ದ, ಮಡಿಲಲ್ಲಿ ಕಾಲುಚೀಲಗಳ ರಾಶಿ ಹಾಕಿಕೊಂಡು ಜೋಡಿ ಹುಡುಕುತ್ತ. ಅವಳು ಅದೇನೋ ತಿದ್ದಿ, ಈಗ ಹ್ಯಾಗಿದೆ ಎಂದು ಕೇಳುವಳು. ಅವನು, ಮೊದಲಿನದೇ ಚೆನ್ನಾಗಿತ್ತು ಎನ್ನುವನು. ಪ್ರತಿ ಸಲವೂ ಅದೇ ಉತ್ತರ. ಇವರನ್ನು ಕೇಳಿದ್ದು ನನ್ನ ತಪ್ಪು ಎಂದು ಅವಳು ನಗುವಳು. ತನಗೆ ಇದರ ಗಂಧವೂ ಇಲ್ಲ, ಸುಮ್ಮನೆ ಜೊತೆಗಿದ್ದೇನೆ ಎಂದೇ ಅವನು ತಿಳಿದಿದ್ದ.

*

ಹಾಲ್‌ನ ಹೊರಗೆ ಜನ ಚದುರಿದರು. ತಮ್ಮ ಎಲ್ಲರಿಗಿಂತ ಮೊದಲು ತನ್ನ ಗಾಡಿಯ ಹತ್ತಿರ ಹೋಗಿದ್ದ. ಭಾವ ಹಿಂದೆಯೇ ಹೋಗಿ ಅವನ ಬೆನ್ನು ನೋಡಿದ.

“ಆ ಕೋಟು ಹಾಕ್ಕೊಂಡು ಎಲ್ಲಿಗೆ ಹೊರಟೆ? ನಡಿ ಅಂಗಡಿಗೆ.”

ತಮ್ಮ ನಿಂತ. ಬಿಡಿ ಭಾವ, ಪರವಾಗಿಲ್ಲ ಎಂದ. ಪರವಾಗಿದೆ ಎಂದು ಹೇಳಿ ಭಾವ ಅವನ ಗಾಡಿಯಲ್ಲೇ ಹತ್ತಿ ಕೂತ.

ಅಂಗಡಿಯಲ್ಲಿ ಕೋಟು ಮೇಜಿನ ಮೇಲೆ ಬಿತ್ತು. ಇಸ್ತ್ರಿ ಕಾಯುವವರೆಗೆ ಇಬ್ಬರೂ ಎದುರುಬದುರು ನಿಂತಿದ್ದರು. ಮೇಲೆ ನೆಂಟರು ಓಡಾಡುವ ಸದ್ದು ಕೇಳುತ್ತಿತ್ತು.

“ನಾನು ಆಸ್ಪತ್ರೆಗೆ ಬಂದಿದ್ದೆ ಭಾವ. ಒಂದು ದಿನ.”

“ಗೊತ್ತು.”

“ಒಳಗೆ ಬರೋಕೆ ಆಗ್ಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ.”

“ಅವಳಿಗೂ ಗೊತ್ತಿತ್ತು.” ಭಾವ ಕೋಟಿನ ಮೇಲೆ ತೆಳು ಬಟ್ಟೆ ಹಾಸಿದ. “ನೀನು ಕಾಲು ಕುಟ್ತಾ ಕೂತಿದ್ದೆ. ಇವಳು ಒಳಗೆ ಮಲಗಿದ್ದೋಳು ಕಣ್ಣು ಬಿಟ್ಟು, ಹೊರಗೆ ನನ್ನ ತಮ್ಮ ಬಂದಿದಾನೆ, ಕೂಗಬೇಡಿ, ಅವನೇ ಬರ್ಲಿ ಅಂದ್ಲು. ಆಮೇಲೆ ಸ್ವಲ್ಪ ಹೊತ್ತು ಕೇಳಿಸ್ಕೊಂಡು, ಇನ್ನೂ ಅವಸರ ಮಾಡ್ತಾನೆ ಅಂದ್ಲು.”

ತಮ್ಮ ನಗಲು ಹೋದ. ನಗು ಅರ್ಧಕ್ಕೇ ಮುರಿದು, ಯಂತ್ರಕ್ಕೆ ಕೈ ಊರಿ ನಿಂತು ಅತ್ತ. ಭಾವ ಅವನನ್ನು ಅಳಲು ಬಿಟ್ಟು, ಕೋಟಿನ ಬೆನ್ನನ್ನು ಎರಡು ಸಲ ಒತ್ತಿದ. ಆಮೇಲೆ ಇಸ್ತ್ರಿ ಆರಿಸಿ, ಅವಳ ಕೋಣೆಯಲ್ಲಿ ಆ ಹಾಡು ಹಾಕ್ತೀಯಾ ಎಂದು ಕೇಳಿದ. ಹಾಲ್‌ನಲ್ಲಿ ಅವಳು ಕೇಳಿಸಲೇ ಇಲ್ಲ ಎಂದ.

ಕೋಣೆ ಅವಳು ಬಿಟ್ಟುಹೋದಂತೆಯೇ ಇತ್ತು. ತಮ್ಮ ಅವಳ ಕುರ್ಚಿಯಲ್ಲಿ ಕೂರದೆ ಅದನ್ನು ಪಕ್ಕಕ್ಕೆ ಸರಿಸಿ, ನಿಂತುಕೊಂಡೇ ಹಾಡು ಹುಡುಕಿದ. ಡೋಲು ಬಿತ್ತು. ಅದರ ಬೆನ್ನಿಗೇ ಅವು ಬಂದವು, ಮೂರು, ಮತ್ತೆ ಮೂರು, ಮತ್ತೆ ಮೂರು. ಕಿವಿಗಿಂತ ಮೊದಲು ಅಂಗಾಲಿಗೆ, ಅಲ್ಲಿಂದ ಮೊಣಕಾಲಿಗೆ, ಪಕ್ಕೆಗೆ. ರಾಗ ಅದೇ ರಾಗ. ಆದರೆ ಈಗ ಅದು ಯಾರದೋ ಹೆಗಲ ಮೇಲೆ ಕೂತ ಮಗುವಿನ ಹಾಗೆ ಎತ್ತರದಲ್ಲಿ ಆಡುತ್ತಿತ್ತು. ಮಗಳು ಇಳಿದು ಬಂದು ಬಾಗಿಲಲ್ಲಿ ನಿಂತಳು. ಹಾಡು ಮುಗಿಯುವವರೆಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ತಮ್ಮ ಗಾಡಿಗೆ ಹೋಗಿ ತನ್ನ ಲ್ಯಾಪ್‌ಟಾಪ್ ತಂದ. ಒಂದು ಹಾಡು ಬಹಳ ದಿನದಿಂದ ಸರಿಹೋಗುತ್ತಿಲ್ಲ, ಅಕ್ಕನ ಸ್ಪೀಕರಿನಲ್ಲಿ ಒಮ್ಮೆ ಕೇಳಿಕೊಂಡು ಹೋಗುತ್ತೇನೆ ಎಂದ. ಭಾವ ಎಂದಿನಂತೆ ಸ್ಟೂಲಿನ ಮೇಲೆ ಕೂತ. ಮಡಿಲಲ್ಲಿ ಏನೂ ಇಲ್ಲದೆ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ. ಹಾಡು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಅವನು ಕೂತಲ್ಲೇ ಮಿಸುಕಾಡಿದ.

“ಏನೋ ಉದ್ದ ಆಯ್ತಲ್ಲ,” ಎಂದ.

“ಯಾವುದು?”

“ಅದೇ. ಕೊನೇದು. ಮುಂದಿನ ಪೆಟ್ಟಿನ ಕಾಲು ತುಳೀತಾ ಇದೆ.”

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ತಮ್ಮ ಅವನನ್ನೇ ನೋಡಿದ. ನೋಡುತ್ತಲೇ ಅಕ್ಕನ ಕುರ್ಚಿಯನ್ನು ಎಳೆದುಕೊಂಡು ಕೂತು, ಮೂರನೆಯ ಸ್ವರವನ್ನು ಚೂರು ಒತ್ತಿದ. ಮತ್ತೆ ಹಾಕಿದ.

“ಈಗ?”

“ಮೊದಲಿನದೇ ಚೆನ್ನಾಗಿತ್ತು.”

ಬಾಯಿಂದ ಅದು ತಾನಾಗಿ ಬಂದಿತ್ತು. ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗಿತು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದವನು ಈಗ ಅಳುತ್ತಿದ್ದಾನೋ ನಗುತ್ತಿದ್ದಾನೋ ಎಂದು ಬಾಗಿಲಲ್ಲಿದ್ದ ಮಗಳಿಗೆ ತಿಳಿಯಲಿಲ್ಲ. ಅವಳು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

“ಇಲ್ಲ, ಸುಳ್ಳು ಹೇಳ್ದೆ. ಈಗಿನದೇ ಸರಿ. ಇನ್ನೊಂದ್ಸಲ ಹಾಕು.”

ತಮ್ಮ ಮತ್ತೆ ಹಾಕಿದ. ನಡುವೆ ರಾಗ ಬರುವ ಜಾಗ ಬಂದಾಗ, ಯಾರೂ ಹೇಳದೆ, ಅದನ್ನು ನಿಲ್ಲಿಸಿದ. ಡೋಲು ಮತ್ತು ಬೇಸ್ ಎರಡೇ ಮುಂದುವರಿದವು. ಇದು ಮೊದಲು ನಿಂತ್ಕೊಳ್ಳಲಿ, ರಾಗ ಆಮೇಲೆ ನೋಡೋಣ ಎಂದ. ರಜೆ ಈಗಲೂ ಅದೇ ದಿನವಾ ಎಂದು ಕೇಳಿದ. ಅದೇ ದಿನ ಎಂದ ಭಾವ. ಬೆಳಗ್ಗೆ ಬೇಗ ಬಾ, ಯಂತ್ರಗಳು ನಿಂತಿರುತ್ತವೆ ಎಂದೂ ಹೇಳಿದ.

ಮೇಲಿನ ಮನೆಯಲ್ಲಿ ಟೀ ಲೋಟಗಳು ತಟ್ಟೆಯಲ್ಲಿ ಟಣಗುಟ್ಟುತ್ತಿದ್ದವು. ಟೀಚರಮ್ಮ ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಸಾವಿನ ಮನೆಯಲ್ಲಿ ಇದೇನು ಎಂದು ಕೇಳುವವರ ಹಾಗೆ ಕೋಣೆಯ ಬಾಗಿಲಿಗೆ ಬಂದರು. ಸ್ಟೂಲಿನ ಮೇಲೆ ಭಾವ ಕಣ್ಣು ಮುಚ್ಚಿ ಕೂತಿದ್ದ. ಸೊಸೆ ನೆಲದ ಮೇಲೆ, ಬೆರಳಿನಿಂದ ಅವನ ಬೂಟಿನ ಮೇಲೆ ತಾಳ ಹಾಕುತ್ತಿದ್ದಳು. ಟೀಚರಮ್ಮ ತೆರೆದ ಬಾಯಿ ಮುಚ್ಚಿ, ಬಂದ ದಾರಿಯಲ್ಲೇ ತಿರುಗಿ, ಅಂಗಡಿಯ ಮುಂದಕ್ಕೆ ಹೋಗಿ ನಿಂತರು.

ಬೀದಿಯಲ್ಲಿ ಮೂಟೆ ಹಿಡಿದುಕೊಂಡು ಬಂದ ಒಬ್ಬಾಕೆ, ಅಂಗಡಿ ತೆಗೆದಿದೆಯಾ ಎಂದು ಕೇಳಿದಳು.

“ಇಲ್ಲಮ್ಮ. ಮನೇಲಿ ಸಾವಾಗಿದೆ.”

ಆಕೆ ಅಯ್ಯೋ ಎಂದು ಹೆಜ್ಜೆ ಹಿಂದಿಟ್ಟವಳು, ಒಳಗಿನ ಸದ್ದಿಗೆ ಕಿವಿಗೊಟ್ಟು, ಹಾಗಾದರೆ ಇದೇನು ಎಂಬಂತೆ ನೋಡಿದಳು.

“ಕೆಲಸ ನಡೀತಿದೆ,” ಎಂದರು ಟೀಚರಮ್ಮ.

ಆಕೆ ಹೋದಳು. ಅರ್ಧ ಇಳಿಸಿದ್ದ ಷಟರು ಒಳಗಿನ ಬೇಸ್‌ನ ಅದುರಿಗೆ ಗಡಗಡ ಅನ್ನುತ್ತಿತ್ತು, ಸ್ವರಗಳ ಮೇಲೆಲ್ಲ ತಗಡಿನ ಸದ್ದು ಬೀಳುತ್ತಿತ್ತು. ಟೀಚರಮ್ಮ ಎಡಗೈ ಚಾಚಿ, ಅಂಗೈಯನ್ನು ತಗಡಿನ ಮೇಲೆ ಒತ್ತಿ ಹಿಡಿದರು. ಅದು ಸುಮ್ಮನಾಯಿತು. ಅವರು ಕೈ ತೆಗೆಯದೆ, ಬೀದಿಯ ಕಡೆ ಮುಖ ಮಾಡಿಕೊಂಡು ಹಾಗೆಯೇ ನಿಂತರು.